ಹೆದ್ದಿ ಮರದ ಪತ್ತೇಮಾರಿ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಿಂಬದಿಯ ಜಗಲಿಯಲ್ಲಿ, ಕಿಟಕಿಯ ಬೆಳಕು ಚೆನ್ನಾಗಿ ಬೀಳುವ ಮೇಜಿನ ಮೇಲೆ, ಎರಡೂವರೆ ವರ್ಷಗಳಿಂದ ಒಂದು ಪತ್ತೇಮಾರಿಯ, ಅಂದರೆ ನಮ್ಮ ಕರಾವಳಿಯ ಹಳೆಯ ಸರಕಿನ ಹಾಯಿಹಡಗಿನ, ಮಾದರಿ ಸಿದ್ಧವಾಗುತ್ತಿದೆ. ಅದರ ಉದ್ದ 48 ಸೆಂಟಿಮೀಟರ್, ಅಗಲ 14 ಸೆಂಟಿಮೀಟರಿಗೆ ತುಸು ಕಡಿಮೆ. ನಿಜವಾದ ಹಡಗಿನ ನಾಲ್ಕು ಅಡಿ ಇಲ್ಲಿ ಒಂದು ಇಂಚು. ಹಡಗು ನಡೆಸುವ, ಐದೂವರೆ ಅಡಿ ಎತ್ತರದ ತಾಂಡೇಲನೊಬ್ಬ ಇದರಲ್ಲಿ ನಿಂತನೆಂದು ಊಹಿಸಿದರೆ ಅವನು 35 ಮಿಲಿಮೀಟರ್ ಎತ್ತರವಿರುತ್ತಾನೆ. ಒಂಬತ್ತು ಇಂಚು ಅಗಲದ ಹಲಗೆ ಐದು ಮಿಲಿಮೀಟರಿಗೂ ಕಿರಿದಾಗುತ್ತದೆ, ಮೂರು ಇಂಚು ದಪ್ಪದ ಹಗ್ಗ ಒಂದೂವರೆ ಮಿಲಿಮೀಟರಿನ ದಾರವಾಗುತ್ತದೆ. ಈ ಲೆಕ್ಕವನ್ನು ದಿನವೂ ಮನಸ್ಸಿನಲ್ಲಿ ಮಾಡುತ್ತಿರುವುದರಿಂದಲೋ ಏನೋ, ಬೈತಖೋಲದ ಬಂದರಿನಲ್ಲಿ ನಿಂತ ದೋಣಿಗಳನ್ನು ನೋಡಿದಾಗಲೂ ಅವನ್ನು 48ರಿಂದ ಭಾಗಿಸುವ ಅಭ್ಯಾಸ ನನಗೆ ಬಂದುಬಿಟ್ಟಿದೆ.

ನಾನು ಘಟ್ಟದ ಮೇಲಿನವನು. ಶಿರಸಿಯ ಸಮೀಪದ ಹಳ್ಳಿಯಲ್ಲಿ, ಅಡಿಕೆ ತೋಟದ ನಡುವೆ ಬೆಳೆದ ನನಗೆ ಮರ ಗೊತ್ತಿತ್ತು, ಸಮುದ್ರ ಗೊತ್ತಿರಲಿಲ್ಲ. ಸರಕಾರಿ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕೆಂದು ಕಾರವಾರಕ್ಕೆ ಇಳಿದು ಬಂದು ಇಲ್ಲಿಯೇ ನೆಲೆಯಾದೆ. ಹಡಗಿನ ಮಾದರಿ ಕಟ್ಟುವ ಹವ್ಯಾಸ ಹತ್ತಿದ್ದು ನಿವೃತ್ತಿಗೆ ಕೆಲವು ವರ್ಷಗಳ ಮೊದಲು. ಬ್ರಿಟಿಷರ ಹಳೆಯ ಯುದ್ಧನೌಕೆಯೊಂದರ ನಕ್ಷೆಯ ಪ್ರತಿ ನನ್ನ ಕೈಗೆ ಸಿಕ್ಕಿತು. ಒಂದೇ ಹಾಳೆಯ ಮೇಲೆ ಹಡಗಿನ ಪಾರ್ಶ್ವನೋಟ, ಅರ್ಧ ಅಗಲದ ಮೇಲ್ನೋಟ ಮತ್ತು ಈರುಳ್ಳಿಯ ಪದರಗಳ ಹಾಗೆ ಒಂದರೊಳಗೊಂದು ಕೂತ ಅಡ್ಡಸೀಳುಗಳ ರೇಖೆಗಳು ಇದ್ದವು. ಇಡೀ ಬದುಕು ನೇರ ಗೋಡೆಗಳನ್ನೇ ಬರೆದ ನನಗೆ, ಎಲ್ಲಿಯೂ ನೇರವಿಲ್ಲದ ಒಂದು ವಸ್ತುವನ್ನು ಇಷ್ಟು ಖಚಿತವಾಗಿ ಕಾಗದಕ್ಕೆ ಇಳಿಸಬಹುದೆಂಬುದೇ ದೊಡ್ಡ ಸೋಜಿಗವಾಯಿತು.

ನನ್ನ ಮೊದಲ ಹಡಗು ಟ್ರಿಂಕೋಮಲಿ. ಹೆಸರು ಲಂಕೆಯ ಬಂದರಿನದು, ನೌಕಾಪಡೆ ಬ್ರಿಟನ್ನಿನದು, ಆದರೆ ಕಟ್ಟಿದವರು ಮುಂಬಯಿಯ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳು, ಮರ ಮಲಬಾರಿನ ಸಾಗುವಾನಿ. ನೆಪೋಲಿಯನ್ನನೊಡನೆ ನಡೆದ ಯುದ್ಧಗಳ ಕಾಲದಲ್ಲಿ ಹಡಗುಗಳನ್ನು ಕಟ್ಟಿ ಕಟ್ಟಿ ಬ್ರಿಟನ್ನಿನಲ್ಲಿ ಓಕ್ ಮರದ ಅಭಾವ ಬಂದಿತ್ತು. ಪಶ್ಚಿಮ ಘಟ್ಟದ ತೇಗದ ಮೇಲೆ ಅವರ ಕಣ್ಣು ಎಷ್ಟು ನೆಟ್ಟಿತ್ತೆಂದರೆ, ಕಾಡಿನ ಮೇಲ್ವಿಚಾರಣೆಗೆಂದೇ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಅಧಿಕಾರಿಯನ್ನು ನೇಮಿಸಿದ್ದರು. ಟ್ರಿಂಕೋಮಲಿಯ ನಕ್ಷೆಗಳನ್ನು ಹೊತ್ತು ಹೊರಟ ಜಾವಾ ಎಂಬ ನೌಕೆಯನ್ನು 1812ರ ಡಿಸೆಂಬರಿನಲ್ಲಿ ಅಮೆರಿಕದ ಯುದ್ಧನೌಕೆ ಸೋಲಿಸಿದ್ದರಿಂದ ಮತ್ತೊಂದು ಪ್ರತಿ ಬರುವ ತನಕ ಮುಂಬಯಿಯಲ್ಲಿ ಕೆಲಸ ನಿಂತಿತು. 1816ರಲ್ಲಿ ಕೀಲ್, ಅಂದರೆ ಹಡಗಿನ ಬೆನ್ನೆಲುಬಾದ ತಳದ ಉದ್ದ ದಿಮ್ಮಿಯನ್ನು ಹೂಡಿದಾಗ ಪಾರ್ಸಿಗಳ ಸಂಪ್ರದಾಯದಂತೆ ಅದಕ್ಕೆ ಬೆಳ್ಳಿಯ ಮೊಳೆ ಹೊಡೆದರು. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಅದು ಈಗಲೂ ನೀರಿನ ಮೇಲೆಯೇ ಇದೆ. ಎರಡು ಶತಮಾನ ದಾಟಿದ ಆ ಮರ ನಮ್ಮ ಬೆಟ್ಟಸಾಲಿನದು ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಆರಿಸಿಕೊಂಡೆ. ನನ್ನ ಮಾದರಿಯ ಕೀಲ್‌ಗೂ ನನ್ನ ಹೆಂಡತಿ ತನ್ನ ಹಳೆಯ ಕಾಲ್ಗೆಜ್ಜೆಯ ಮುರಿದ ಕೊಂಡಿಯೊಂದನ್ನು ಕೊಟ್ಟಳು. ಅದನ್ನು ತಂತಿಯಾಗಿ ಎಳೆಸಿ ಕೂದಲೆಳೆಯಷ್ಟು ಸಣ್ಣ ಮೊಳೆ ಮಾಡಿ ಹೊಡೆದಿದ್ದೇನೆ. ಹಲಗೆ ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಅಲ್ಲಿದೆಯೆಂದು ನಮ್ಮಿಬ್ಬರಿಗೆ ಗೊತ್ತು.

ಮರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಹವ್ಯಾಸದಲ್ಲಿ ಕೈಯಷ್ಟೇ ಮುಖ್ಯವಾದದ್ದು ಮರ. ಸಾಗುವಾನಿಯ ಹಡಗಿಗೆ ಸಾಗುವಾನಿಯದೇ ಮಾದರಿ ಎಂಬ ಹಟದಿಂದ ಆರಂಭಿಸಿ ನಾನು ಒಂದು ಇಡೀ ಮಳೆಗಾಲವನ್ನು ಕಳೆದುಕೊಂಡೆ. ಆ ಮಾದರಿಗೆ ಹಡಗಿನ ಅಳತೆಯನ್ನು 64ರಿಂದ ಭಾಗಿಸಬಹುದು, ಆದರೆ ಮರದ ಎಳೆಯನ್ನು ಭಾಗಿಸಲಾಗುವುದಿಲ್ಲ. ಸಾಗುವಾನಿಯ ಎಳೆ ಒರಟು, ಅದರ ರಂಧ್ರಗಳು ಬರಿಗಣ್ಣಿಗೆ ಕಾಣುತ್ತವೆ. ಬಾಗಿಲ ಚೌಕಟ್ಟಿನಲ್ಲಿ ಸೊಗಸಾಗಿ ಕಾಣುವ ಆ ಗೆರೆಗಳು ನಾಲ್ಕು ಮಿಲಿಮೀಟರಿನ ಹಲಗೆಯ ಮೇಲೆ ಬಿರುಕು ಬಿಟ್ಟ ನೆಲದಂತೆ ಕಾಣುತ್ತವೆ. ಬೇಕಾದದ್ದು ಎಳೆ ಕಾಣದಷ್ಟು ನಯವಾದ ಮರ. ಯುರೋಪಿನವರು ಇದಕ್ಕೆ ಬಾಕ್ಸ್‌ವುಡ್, ಪಿಯರ್ ಮರಗಳನ್ನು ಬಳಸುತ್ತಾರೆ. ನಮ್ಮಲ್ಲಿ ಅದಕ್ಕೆ ತಕ್ಕ ಮರ ಯಾವುದೆಂದು ಹುಡುಕುತ್ತಿದ್ದಾಗ, ಗಂಧದ ಕೆತ್ತನೆಯಲ್ಲಿ ಪಳಗಿದ ಶಿರಸಿಯ ಗುಡಿಗಾರರೊಬ್ಬರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: “ಹೆದ್ದಿ ನೋಡಿ, ಇಲ್ಲವಾದರೆ ಶಿವನೆ.”

ಅವರ ಮಾತು ನಿಜವಾಯಿತು. ಹೆದ್ದಿ ತಿಳಿ ಹಳದಿಯ ಮರ, ಎಳೆ ಬಲು ಸಣ್ಣ, ಉಳಿ ಹರಿತವಾಗಿದ್ದರೆ ಬೆಣ್ಣೆಯ ಹಾಗೆ ಬಿಡಿಸಿಕೊಳ್ಳುತ್ತದೆ, ಅಂಚು ಮುಕ್ಕಾಗುವುದಿಲ್ಲ. ನಮ್ಮ ಮೂಲಮನೆಯ ಕೊಟ್ಟಿಗೆಯನ್ನು ಬಿಚ್ಚಿದಾಗ ಅದರ ಅಟ್ಟದಿಂದ ಬಂದ ಒಂದು ಹೆದ್ದಿ ತೊಲೆ ನನ್ನ ಪಾಲಿಗೆ ಉಳಿಯಿತು. ದಶಕಗಳ ಕಾಲ ಹೊಗೆಯಲ್ಲಿ ಒಣಗಿದ ಆ ಒಂದು ತೊಲೆಯಿಂದಲೇ ಎರಡು ಹಡಗುಗಳಿಗೆ ಬೇಕಾದ ಹಲಗೆಯೆಲ್ಲ ಹೊರಟಿದೆ, ಇನ್ನೂ ಮೊಳದುದ್ದ ಉಳಿದಿದೆ. ಉಳಿ ಮಸೆಯುವುದನ್ನು ಕಲಿಸಿದವರೂ ಅದೇ ಗುಡಿಗಾರರು. ಮೂರು ದಿನ ಅವರ ಎದುರು ಕುಳಿತು ನಾನು ಒಂದು ಗೆರೆಯನ್ನೂ ಕೆತ್ತಲಿಲ್ಲ, ಸಾಣೆಕಲ್ಲಿನ ಮೇಲೆ ಉಳಿ ಆಡಿಸಿದ್ದಷ್ಟೇ. ಆ ಮೂರು ದಿನಗಳು ನನಗೆ ಮುಂದಿನ ಹತ್ತು ವರ್ಷಕ್ಕೆ ಸಾಕಾಗಿವೆ.

ಒಣಗಿದ ಮರವಾದರೂ ನಮ್ಮ ಮಳೆಯನ್ನು ಮರೆಯುವಂತಿಲ್ಲ. ಮರ ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಕಾರವಾರದಲ್ಲಿ ಜುಲೈ ತಿಂಗಳ ಹಲಗೆಯೂ ಫೆಬ್ರುವರಿಯ ಹಲಗೆಯೂ ಒಂದೇ ಅಗಲದವಲ್ಲ. ಟ್ರಿಂಕೋಮಲಿಯ ಮೇಲಟ್ಟದ ಹಲಗೆಗಳನ್ನು ನಾನು ಆಷಾಢದಲ್ಲಿ, ಹೊರಗೆ ಬೇರೆ ಕೆಲಸವಿಲ್ಲವೆಂದು, ಒಂದಕ್ಕೊಂದು ಬಿಗಿಯಾಗಿ ಕೂಡಿಸಿ ಅಂಟಿಸಿದೆ. ಮಾಘದ ಹೊತ್ತಿಗೆ ಪ್ರತಿ ಎರಡು ಹಲಗೆಯ ನಡುವೆ ಬೆಳಕು ಕಾಣುವಷ್ಟು ಸಂದು ಬಿದ್ದಿತ್ತು. ಆರು ವಾರಗಳ ಕೆಲಸವನ್ನು ಬಿಸಿನೀರಿನ ಬಟ್ಟೆಯಿಟ್ಟು ಅಂಟು ಸಡಿಲಿಸಿ ಒಂದೊಂದಾಗಿ ಕಿತ್ತೆ. ಈಗ ನನ್ನ ಪಂಚಾಂಗವೇ ಬೇರೆ: ಹಲಗೆ ಕೂಡಿಸುವ ಕೆಲಸ ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ, ಮಳೆಗಾಲದಲ್ಲಿ ಹಗ್ಗ ಹೊಸೆಯುವುದು, ಕಪ್ಪಿ ಕೊರೆಯುವುದು, ನಕ್ಷೆ ಬರೆಯುವುದು. ಅರ್ಧ ಮುಗಿದ ಹಡಗನ್ನು ಮಳೆಗಾಲದುದ್ದಕ್ಕೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಒಳಗೊಂದು ಸಣ್ಣ ಬಲ್ಬು ಉರಿಸುತ್ತೇನೆ. ಇಲ್ಲದಿದ್ದರೆ ನಾಲ್ಕೇ ದಿನಗಳಲ್ಲಿ ಹತ್ತಿದಾರದ ಮೇಲೆಲ್ಲ ಬೂಷ್ಟು ಹಿಡಿಯುತ್ತದೆ.

ಹಲಗೆ ಹೊದಿಸುವ ಕೆಲಸವನ್ನು ಹೊರಗಿನಿಂದ ನೋಡಿದವರು ಅದು ಒಂದೇ ಅಗಲದ ಪಟ್ಟಿಗಳನ್ನು ಸಾಲಾಗಿ ಅಂಟಿಸುವುದೆಂದು ತಿಳಿಯುತ್ತಾರೆ. ಹಡಗಿನ ನಡುಭಾಗದಲ್ಲಿ ಹೊಟ್ಟೆ ದೊಡ್ಡದು, ಮೂತಿಯಲ್ಲಿ ಮತ್ತು ಹಿಂಬದಿಯಲ್ಲಿ ಕಿರಿದು. ಹೊಟ್ಟೆಯ ಮೇಲೆ ಇಪ್ಪತ್ತು ಹಲಗೆ ಹಿಡಿಸಿದರೆ ಮೂತಿಯಲ್ಲೂ ಅಷ್ಟೇ ಹಲಗೆ ಅದರ ಅರ್ಧ ಜಾಗದಲ್ಲಿ ಮುಗಿಯಬೇಕು. ಹಾಗಾಗಿ ಪ್ರತಿ ಹಲಗೆಯೂ ತುದಿಗಳತ್ತ ಸಪುರವಾಗಬೇಕು, ಅಷ್ಟೇ ಅಲ್ಲದೆ ಹಡಗಿನ ಮೇಲೆ ನೇರವಾಗಿ ಕಾಣುವ ಹಲಗೆಯನ್ನು ಬಿಡಿಸಿ ಮೇಜಿನ ಮೇಲಿಟ್ಟರೆ ಅದು ಬಾಳೆಕಾಯಿಯ ಹಾಗೆ ಬಾಗಿರುತ್ತದೆ. ಆ ಬಾಗನ್ನು ಮೊದಲೇ ಕಾಗದದ ಮೇಲೆ ಹಿಡಿದು, ಅಗಲವಾದ ಹಾಳೆಯಿಂದ ಹಾಗೆಯೇ ಕತ್ತರಿಸಿ ತೆಗೆಯಬೇಕು. ನೇರ ಪಟ್ಟಿಯನ್ನು ಬಲವಂತವಾಗಿ ಬಗ್ಗಿಸಿ ಕೂರಿಸಿದರೆ ಅದರ ಒಂದು ಅಂಚು ಮೇಲೆದ್ದು ನಿಲ್ಲುತ್ತದೆ, ಎಷ್ಟು ಉಜ್ಜಿದರೂ ಆ ತಪ್ಪು ಮರೆಯಾಗುವುದಿಲ್ಲ. ರವಿಕೆ ಹೊಲಿಯುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ನನಗೆ ಇದನ್ನು ಸರಿಯಾಗಿ ಮನಗಾಣಿಸಿದವಳು, ತೋಳಿನ ಕತ್ತರಿಕೆಯನ್ನು ಬಿಡಿಸಿ ತೋರಿಸಿದ ನನ್ನ ಹೆಂಡತಿಯೇ. ಮೂತಿಯ ಹತ್ತಿರದ ತಿರುವಿಗೆ ಮಾತ್ರ ಹಲಗೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಾದ ಹಿತ್ತಾಳೆ ಕೊಳವೆಯ ಮೇಲೆ ನಿಧಾನವಾಗಿ ಬಗ್ಗಿಸಬೇಕು. ನೆನೆದ ಅಡಿಕೆ ಹಾಳೆಯನ್ನು ಬಗ್ಗಿಸಿ ಬೆಳೆದವರಿಗೆ ಇದರ ಹದ ಕೈಗೆ ತಾನಾಗಿ ಬರುತ್ತದೆ.

ಐದು ವರ್ಷಗಳಲ್ಲಿ ಟ್ರಿಂಕೋಮಲಿ ಮುಗಿಯಿತು. 71 ಸೆಂಟಿಮೀಟರ್ ಉದ್ದದ ಹಡಗು, ಹಾಯಿ ಹೊರುವ ಮೂರು ಕೂವೆಮರ, ಏಣಿಹಗ್ಗಗಳ ಮೇಲೆ ಸಾವಿರಾರು ಗಂಟು. ನೋಡಲು ಬಂದವರಲ್ಲಿ ಬೈತಖೋಲದ ಹಿರಿಯರೊಬ್ಬರಿದ್ದರು. ಹುಡುಗರಾಗಿದ್ದಾಗ ತಂದೆಯೊಂದಿಗೆ ಪತ್ತೇಮಾರಿಯಲ್ಲಿ ಮುಂಬಯಿಗೆ ಹೋಗಿಬಂದವರು, ಆಮೇಲೆ ಬಹುಕಾಲ ಮೀನುಗಾರಿಕೆಯ ದೋಣಿಗೆ ತಾಂಡೇಲರಾಗಿದ್ದವರು. ಗಾಜಿನ ಸುತ್ತ ಎರಡು ಸುತ್ತು ಬಂದು ಅವರು ಕೇಳಿದರು: “ಹೆಗಡೇರೆ, ಕೆಲಸ ಬಾಳ ಚಂದ ಆಗದೆ. ನಮ್ಮ ಪತ್ತೇಮಾರಿ ಯಾಕೆ ಮಾಡಲಿಲ್ಲ?” ನಾನು ಕೊಟ್ಟ ಉತ್ತರ ಪ್ರಾಮಾಣಿಕವಾದದ್ದೇ: ನಕ್ಷೆ ಸಿಗಲಿಲ್ಲ. ಅವರು ಅದನ್ನು ಒಪ್ಪಲಿಲ್ಲ. “ನಕ್ಷೆ ಯಾರ ಹತ್ತಿರ ಇತ್ತು? ಮೇಸ್ತನ ಕಣ್ಣಲ್ಲಿ ಇತ್ತು.”

ಮೇಸ್ತ ಎಂದರೆ ಹಡಗು ಕಟ್ಟುವ ಬಡಗಿ. ಆ ಮಾತನ್ನು ಬೆನ್ನು ಹತ್ತಿ ಹೋದಾಗ ಅದರ ಹಿಂದಿನ ಕಾರಣ ತಿಳಿಯಿತು. ಯುರೋಪಿನ ಪದ್ಧತಿಯಲ್ಲಿ ಮೊದಲು ಪಕ್ಕೆಲುಬುಗಳು ನಿಲ್ಲುತ್ತವೆ, ಅವುಗಳ ಮೇಲೆ ಹಲಗೆ ಹೊದಿಕೆಯಾಗುತ್ತದೆ. ಪ್ರತಿ ಪಕ್ಕೆಲುಬಿನ ಆಕಾರವನ್ನೂ ಮೊದಲೇ ಬರೆದಿಟ್ಟುಕೊಳ್ಳದೆ ಅಂಥ ಹಡಗನ್ನು ಕಟ್ಟಲಾಗುವುದಿಲ್ಲ. ಆದ್ದರಿಂದಲೇ ಬ್ರಿಟಿಷ್ ನೌಕಾಪಡೆಯ ಹಡಗುಗಳ ಸಾವಿರಾರು ನಕ್ಷೆಗಳು ಗ್ರೀನಿಚ್‌ನ ಮ್ಯೂಸಿಯಮ್ಮಿನಲ್ಲಿ ಉಳಿದಿವೆ. ಹದಿನೇಳನೆಯ ಶತಮಾನದಿಂದ ಅವರ ನೌಕಾ ಮಂಡಳಿಗಾಗಿ ಮಾಡಿದ ಮಾದರಿಗಳೂ, ಬಹುತೇಕ ನಾನು ಈಗ ಬಳಸುವ 1:48ರ ಅಳತೆಯಲ್ಲಿಯೇ, ತಳದ ಪಕ್ಕೆಲುಬುಗಳನ್ನು ಮುಚ್ಚದೆ ತೆರೆದಿಟ್ಟ ರೂಪದಲ್ಲಿ ಅಲ್ಲಿವೆ. ನಮ್ಮ ಕರಾವಳಿಯ ಹಳೆಯ ಪದ್ಧತಿ ಇದಕ್ಕೆ ತಿರುಗುಮುರುಗು. ಇಲ್ಲಿ ಮೇಸ್ತ ಕೀಲ್ ಹೂಡಿ, ಹಲಗೆಯ ಮೇಲೆ ಹಲಗೆ ಏರಿಸಿ, ಕಣ್ಣಳತೆಯಿಂದಲೇ ಹೊಟ್ಟೆಯ ಉಬ್ಬನ್ನು ಬರಿಸುತ್ತಾನೆ. ಪಕ್ಕೆಲುಬುಗಳು ಆಮೇಲೆ ಒಳಗಿನಿಂದ ಬಂದು ಆ ಆಕಾರಕ್ಕೆ ಹೊಂದಿಕೊಳ್ಳುತ್ತವೆ. ಕಾಗದದ ಮೇಲೆ ಬರೆಯಬೇಕಾದ ಅಗತ್ಯವೇ ಅವನಿಗೆ ಬರಲಿಲ್ಲ. ಹಡಗು ಒಡೆದು ಕಟ್ಟಿಗೆಯಾದ ದಿನ ಅದರ ಆಕಾರವೂ ಹೋಯಿತು.

ಪುಣ್ಯಕ್ಕೆ ಇಬ್ಬರು ವಿದೇಶೀಯರು ಅಳತೆ ತೆಗೆದಿದ್ದರು. ಒಬ್ಬರು ಜಾನ್ ಈಡೈ, ಟ್ರಿಂಕೋಮಲಿ ಬಂದರಿನ ನೌಕಾಗಾರದಲ್ಲಿ ಹಡಗು ಕಟ್ಟುವವರ ಮುಖ್ಯಸ್ಥರಾಗಿದ್ದವರು. ಮಲಬಾರ್ ಮತ್ತು ಕೋರಮಂಡಲ ತೀರದ ದೇಶೀ ಹಡಗುಗಳ ವಿವರವನ್ನು 1834ರಲ್ಲಿ ಪ್ರಕಟಿಸಿದರು. ದೊಡ್ಡ ಪತ್ತೇಮಾರಿಗೆ ಅವರು ಕೊಡುವ ಅಳತೆ ಸುಮಾರು 76 ಅಡಿ ಉದ್ದ, 21 ಅಡಿ ಮೀರಿದ ಅಗಲ, 200 ಟನ್ನುಗಳ ಆಸುಪಾಸಿನ ಭಾರ. ಇನ್ನೊಬ್ಬರು ಫ್ರಾನ್ಸಿನ ನೌಕಾ ಅಧಿಕಾರಿ ಎಡ್ಮಂಡ್ ಪಾರಿ. ಜಗತ್ತನ್ನು ಸುತ್ತುವ ನೌಕೆಗಳಲ್ಲಿ ಬಂದು, ತಂಗಿದ ಬಂದರುಗಳಲ್ಲೆಲ್ಲ ಅಲ್ಲಿನ ದೋಣಿಗಳನ್ನು ಅಳೆದು ಬರೆದುಕೊಂಡವರು. 1871ರಲ್ಲಿ ಪ್ಯಾರಿಸ್ಸಿನ ನೌಕಾ ಮ್ಯೂಸಿಯಮ್ಮಿನ ಮೇಲ್ವಿಚಾರಣೆ ಕೈಗೆ ಬಂದ ಮೇಲೆ ಆ ನಕ್ಷೆಗಳಿಂದ ಮಾದರಿಗಳನ್ನು ಕಟ್ಟಿಸಿದರು. ನಮ್ಮ ತೀರದ ಹಡಗುಗಳ ಆಕಾರವನ್ನು ತಿಳಿಯಲು ಇಂದು ಆ ಚಿತ್ರಗಳನ್ನು ತೆರೆಯಬೇಕಾಗಿರುವುದು ನನಗೆ ನೋವಿನ ಸಂಗತಿ, ಆದರೆ ಅವರಿಗೆ ನನ್ನ ಕೃತಜ್ಞತೆ ಸಂಪೂರ್ಣವಾದದ್ದು.

ಹಾಗೆ ಪತ್ತೇಮಾರಿಯ ಕೆಲಸ ಆರಂಭವಾಯಿತು. ಕಟ್ಟಿಗೆ, ತೆಂಗಿನಕಾಯಿ, ಮಂಗಳೂರು ಹಂಚು ಹೊತ್ತು ಮುಂಬಯಿಯ ಕಡೆ ಹೋಗುತ್ತಿದ್ದ, ಹೊನ್ನಾವರ, ಕುಮಟಾ, ತದಡಿಯ ಅಳಿವೆಗಳಿಗೆ ಬರುತ್ತಿದ್ದ ಹಡಗು ಇದು. ಮುಂದಕ್ಕೆ ಚಾಚಿ ಇಳಿಜಾರಾದ ಮೂತಿ, ನೀರನ್ನು ಸೀಳುವ ಹರಿತವಾದ ತಳ, ಎರಡು ಅಥವಾ ಮೂರು ಕೂವೆಮರ. ಕೂವೆಮರವನ್ನು ಕಾರವಾರದವರು ಕಾಠಿ ಎನ್ನುತ್ತಾರೆ. ಯುರೋಪಿನ ಹಡಗಿನ ಕಾಠಿ ನೆಟ್ಟಗೆ ಅಥವಾ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಪತ್ತೇಮಾರಿಯದು ಮುಂದಕ್ಕೆ ವಾಲುತ್ತದೆ. ಹಾಯಿಯನ್ನು ಹೊತ್ತ ಉದ್ದನೆಯ ಪರಬಾಣ ಕಾಠಿಗೆ ಓರೆಯಾಗಿ ತೂಗುತ್ತದೆ, ಒಂದೇ ಮರ ಅಷ್ಟುದ್ದ ಸಿಗದಿದ್ದರೆ ಎರಡನ್ನು ಜೋಡಿಸಿ ಹಗ್ಗದಿಂದ ಬಿಗಿಯುತ್ತಾರೆ. ಈ ಬಿಗಿತವನ್ನು ನಾನು ಜೇನುಮೇಣ ಸವರಿದ ದಾರದಿಂದ ಹನ್ನೊಂದು ಕಡೆ ಸುತ್ತಿದ್ದೇನೆ. ಹಗ್ಗಗಳನ್ನೆಲ್ಲ ಮನೆಯಲ್ಲೇ ಹೊಸೆದದ್ದು: ಹಳೆಯ ಹೊಲಿಗೆ ಯಂತ್ರದ ಚಕ್ರಕ್ಕೆ ಮೂರು ಕೊಕ್ಕೆ ಕೂರಿಸಿ, ಮೂರು ಎಳೆಯನ್ನು ಒಂದು ದಿಕ್ಕಿಗೆ ಹುರಿಗೊಳಿಸಿ, ಮೂರನ್ನೂ ಕೂಡಿಸಿ ಎದುರು ದಿಕ್ಕಿಗೆ ತಿರುವಿದರೆ ಅವು ಒಂದನ್ನೊಂದು ಹಿಡಿದುಕೊಂಡು ಬಿಚ್ಚದ ಹಗ್ಗವಾಗುತ್ತವೆ. ಅಂಗಡಿಯ ದಾರಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಯಾರು ಬೇಕಾದರೂ ಕಾಣಬಲ್ಲರು.

ಕಾಠಿಯನ್ನು ಹಿಡಿದು ನಿಲ್ಲಿಸುವ ಪಕ್ಕದ ಹಗ್ಗಗಳನ್ನು ಟ್ರಿಂಕೋಮಲಿಯ ಅಭ್ಯಾಸದಲ್ಲೇ ಎರಡೂ ಬದಿಗೆ ಸಮನಾಗಿ, ವೀಣೆಯ ತಂತಿಯಂತೆ ಬಿಗಿದು ಕಟ್ಟಿದೆ. ಚಿತ್ರದಲ್ಲಿಯೂ ಎರಡು ಬದಿಗೆ ಹಗ್ಗಗಳಿದ್ದವು. ಅದನ್ನು ತೋರಿಸಲು ತಾಂಡೇಲರನ್ನು ಕರೆದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು, ಆಮೇಲೆ ಬೆರಳಿನಿಂದ ಪರಬಾಣವನ್ನು ತುಸುವೇ ತಳ್ಳಿದರು. “ಗಾಳಿ ಆ ಕಡೆಯಿಂದ ತಿರುಗಿದರೆ ಈ ಹಾಯಿ ಎಲ್ಲಿ ಹೋಗಬೇಕು, ಹೆಗಡೇರೆ? ಎರಡೂ ಕಡೆ ಕಟ್ಟಿಹಾಕೀರಿ.”

ನನಗೆ ಆಗ ತಿಳಿಯಿತು. ಈ ಜಾತಿಯ ಹಾಯಿಯನ್ನು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಒಯ್ಯುವಾಗ ಪರಬಾಣವನ್ನು ಹೆಚ್ಚುಕಡಿಮೆ ಕಾಠಿಯ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ, ಕಾಠಿಯ ಮುಂದಿನಿಂದ ಸುತ್ತಿಸಿ ಆಚೆ ತರಬೇಕು. ಕಾಠಿ ಮುಂದಕ್ಕೆ ವಾಲಿರುವುದರಿಂದಲೇ ಆ ಮರ ತಿರುಗಲು ಜಾಗ ಸಿಗುತ್ತದೆ. ಆ ಹೊತ್ತಿಗೆ ಗಾಳಿಯ ಕೆಳಬದಿಯ ಹಗ್ಗಗಳು ಬಿಚ್ಚಿರಬೇಕು; ಗಾಳಿ ಬೀಸುವ ಬದಿಯ ಹಗ್ಗಗಳು ಮಾತ್ರ ಬಿಗಿ. ಹಾಯಿ ಏರಿಸುವ ಹಗ್ಗವೇ ಹಿಂದಕ್ಕೆ ಬಂದು ಕಾಠಿಗೆ ಆಧಾರವೂ ಆಗುತ್ತದೆ. ಅಂದರೆ ಈ ಹಡಗಿನಲ್ಲಿ ಹಗ್ಗ ಎಲ್ಲಿದೆಯೆಂದು ನೋಡಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಹೇಳಬಹುದು. ಚಿತ್ರಕಾರರು ಬಂದರಿನಲ್ಲಿ ಲಂಗರು ಹಾಕಿ ನಿಂತ ಹಡಗನ್ನು ಬರೆದಿದ್ದರು. ತಾಂಡೇಲರು ನಡೆಯುವ ಹಡಗನ್ನು ಬಲ್ಲವರು. ಅಂದು ಸಂಜೆ ನಾನು ಒಂದು ಬದಿಯ ಆರು ಹಗ್ಗಗಳನ್ನೂ ಬಿಚ್ಚಿದೆ, ಮತ್ತೆ ಕಟ್ಟುವ ಮೊದಲು ಮಾದರಿಗೆ ಗಾಳಿ ಯಾವ ದಿಕ್ಕಿನದೆಂದು ನಿರ್ಧರಿಸಬೇಕಾಯಿತು. ನವೆಂಬರಿನ ಬೆಳಗಿನ ಹೊತ್ತು ಭೂಮಿಯ ಕಡೆಯಿಂದ ಬೀಸುವ ಗಾಳಿಯನ್ನು ಆರಿಸಿದೆ. ಹಡಗು ಉತ್ತರಕ್ಕೆ ಮುಖಮಾಡಿ ಕಾರವಾರದಿಂದ ಹೊರಟಿದೆ, ಬಲಬದಿಯ ಹಗ್ಗಗಳು ಬಿಗಿದಿವೆ.

ಇದರಿಂದಾಗಿ ನನ್ನ ಮನಸ್ಸು ಈಗ ಮುಂದಿನ ಕೆಲಸದ ಕಡೆ, ರಂಪಣಿ ದೋಣಿಯೊಂದರ ಮಾದರಿಯ ಕಡೆ, ಹೋಗಿದೆ. ರಂಪಣಿ ಬಲೆಯನ್ನು ದಡದಿಂದ ಒಯ್ದು ಸುತ್ತುಗಟ್ಟುತ್ತಿದ್ದ ದೊಡ್ಡ ದೋಣಿಗಳು ನಮ್ಮ ಕಡೆ ಮೊಳೆಯಿಲ್ಲದೆ ಕತ್ತದ ಹಗ್ಗದಿಂದ ಹೊಲಿದವು. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ಸಂದಿಗೆ ತೆಂಗಿನ ನಾರು ಒತ್ತಿ, ಅದರ ಮೇಲೆ ಹಗ್ಗವನ್ನು ಹೆಣೆದು ಬಿಗಿದರೆ ದೋಣಿ ಅಲೆಯ ಹೊಡೆತಕ್ಕೆ ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಮರಳಿನ ದಡಕ್ಕೆ ದಿನವೂ ಎಳೆದು ತರಬೇಕಾದ ದೋಣಿಗೆ ಇದೇ ಸರಿ. ಹೀಗೆ ಹೊಲಿದ ದೊಡ್ಡ ಹಡಗೊಂದು ನಮ್ಮ ಊರಿನಲ್ಲಿಯೇ ನೌಕಾಪಡೆಗೆ ಸೇರಿತು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹೆಸರಿನಿಂದ ಸೇರ್ಪಡೆಯಾದ ಆ ಹಾಯಿಹಡಗಿಗೆ ಅಜಂತಾದ ಐದನೆಯ ಶತಮಾನದ ಚಿತ್ರವೇ ಆಧಾರ. ಕೇರಳದ ಕುಶಲಿಗಳು ಅದನ್ನು ಗೋವಾದಲ್ಲಿ ಹೊಲಿದರು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. ನಕ್ಷೆಯಿಲ್ಲದ ಹಡಗಾದ್ದರಿಂದ ಅದರ ಆಕಾರ ನೀರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು ಮದ್ರಾಸ್ ಐಐಟಿಯಲ್ಲಿ ಮೊದಲು ಮಾದರಿಯನ್ನು ಪರೀಕ್ಷಿಸಿದರು. ಈ ಒಂದು ಸಂಗತಿಯನ್ನು ಓದಿದ ದಿನ ನನಗಾದ ಸಂತೋಷವನ್ನು ಹೇಳಲಾರೆ.

ತಾಂಡೇಲರ ಗುರುತಿನವರೊಬ್ಬರ ತೆಂಗಿನ ಹಿತ್ತಲಿನಲ್ಲಿ, ಮಾಜಾಳಿಯ ಕಡೆ, ಅಂಥದೊಂದು ಹಳೆಯ ದೋಣಿ ಮಗುಚಿ ಬಿದ್ದಿದೆ. ಒಂದು ಬದಿ ಗೆದ್ದಲು ತಿಂದಿದೆ, ಇನ್ನೊಂದು ಬದಿ ಪೂರ್ತಿ ಇದೆ. ಅರ್ಧ ಉಳಿದರೆ ಸಾಕು, ಎರಡು ಬದಿಯೂ ಒಂದೇ ಆಕಾರದವು. ಕಳೆದ ಎರಡು ಭಾನುವಾರ ಅಲ್ಲಿಗೆ ಹೋಗಿ, ದೋಣಿಯ ಉದ್ದಕ್ಕೆ ಒಂದು ನೂಲು ಕಟ್ಟಿ, ಪ್ರತಿ ಎರಡು ಅಡಿಗೆ ಗುರುತು ಹಾಕಿ, ಆ ನೂಲಿನಿಂದ ಹಲಗೆಯವರೆಗಿನ ದೂರವನ್ನು ಕೋಲು ಹಿಡಿದು ಅಳೆಯುತ್ತಿದ್ದೇನೆ. ಹೊಲಿಗೆಯ ತೂತುಗಳ ನಡುವಿನ ಅಂತರವನ್ನು ಬೇರೆಯಾಗಿ ಬರೆದುಕೊಂಡಿದ್ದೇನೆ. ಮೂತಿಯ ಹತ್ತಿರ ಅವು ಒತ್ತಾಗಿವೆ, ನಡುವಿನಲ್ಲಿ ಅಗಲ. ಹದಿನಾಲ್ಕು ಅಡ್ಡಸೀಳುಗಳಲ್ಲಿ ಒಂಬತ್ತು ಮುಗಿದಿವೆ. ಮಳೆ ಹಿಡಿಯುವ ಮೊದಲು ಇನ್ನೈದು ಮುಗಿಯಬೇಕು, ದೋಣಿಯ ಮೇಲೆ ತೆಂಗಿನ ಗರಿಯ ಹೊದಿಕೆ ಹಾಕಿಸಬೇಕು, ಹಿತ್ತಲಿನವರು ಅದಕ್ಕೆ ಒಪ್ಪಿದ್ದಾರೆ.